ರೂತ್ ಮನೋರಮಾ ಕೇಳಿದ ಪ್ರಶ್ನೆ, ನಾನು ಕೇಳದೇ ಬಿಟ್ಟ ಪ್ರಶ್ನೆ

2024ರ ಅಕ್ಟೋಬರ್ 24, ಗುರುವಾರ. ಸಂಜೆಯ ಬುಲೆಟಿನ್. ನನ್ನೆದುರಿನ ಟೆಲಿಪ್ರಾಂಪ್ಟರ್ ಮೇಲೆ ಕೊಪ್ಪಳದ ಸುದ್ದಿ ಓಡ್ತಾ ಇತ್ತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಮೇಲೆ ಹಲ್ಲೆ ಮಾಡಿ, ಗುಡಿಸಲುಗಳಿಗೆ ಬೆಂಕಿ ಹಚ್ಚಿದ ಪ್ರಕರಣದ ತೀರ್ಪು. ಕೊಪ್ಪಳದ ಜಿಲ್ಲಾ ನ್ಯಾಯಾಲಯ 101 ಜನ ಅಪರಾಧಿಗಳು ಅಂತ ಹೇಳಿತ್ತು. 98 ಜನಕ್ಕೆ ಜೀವಾವಧಿ, ಮೂವರಿಗೆ ಐದು ವರ್ಷ. ಜಾತಿ ದೌರ್ಜನ್ಯದ ಒಂದೇ ಕೇಸಿನಲ್ಲಿ ಇಷ್ಟು ಜನಕ್ಕೆ ಒಟ್ಟಿಗೆ ಜೀವಾವಧಿ ಅಂದ್ರೆ ಸಣ್ಣ ಸುದ್ದಿಯಲ್ಲ. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು, ಅದು ಬೇರೆ ಮಾತು. ಅವತ್ತಂತೂ ನಾವು 'ಐತಿಹಾಸಿಕ' ಅನ್ನೋ ಪದವನ್ನು ಹತ್ತು ಸಲ ಬಳಸಿದ್ವಿ.

ಆ ತೀರ್ಪಿನಲ್ಲಿ ಒಂದು ಹೆಸರಿತ್ತು. ಮರಿಯನ್ ಆಂಡರ್ಸನ್. ನ್ಯಾಯಾಧೀಶರು ಈಕೆಯ ಮಾತೊಂದನ್ನು ಉಲ್ಲೇಖಿಸಿದ್ದರು. ಇನ್ನೊಬ್ಬನನ್ನು ಕೆಳಗೆ ಒತ್ತಿ ಹಿಡಿಯಬೇಕಾದ್ರೆ ನಿನ್ನದೂ ಒಂದು ಭಾಗ ಕೆಳಗೇ ಇರಬೇಕಾಗುತ್ತೆ, ಹಾಗಾಗಿ ನೀನೂ ಮೇಲೇರಲಾರೆ ಅನ್ನೋದು ಅದರ ಭಾವ. ಆ ಸಾಲನ್ನು ನಾನು ಓದಲೇ ಇಲ್ಲ. ಸಮಯ ಇರಲಿಲ್ಲ ಅಂತ ಹೇಳಬಹುದು. ಆದರೆ ನಿಜ ಏನಂದ್ರೆ, ಈ ಮರಿಯನ್ ಆಂಡರ್ಸನ್ ಯಾರು ಅಂತ ನನಗೆ ಗೊತ್ತಿರಲಿಲ್ಲ. ಪ್ರೊಡ್ಯೂಸರ್‌ಗೂ ಗೊತ್ತಿರಲಿಲ್ಲ. 'ಬಿಡಿ ಮೇಡಂ, ಜಂಪ್ ಮಾಡಿ' ಅಂದ್ರು. ಜಂಪ್ ಮಾಡಿದೆ.

ರಾತ್ರಿ ಮನೆಗೆ ಹೋದ ಮೇಲೆ ಹುಡುಕಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1897ರಲ್ಲಿ ಹುಟ್ಟಿದ ಕಪ್ಪು ಗಾಯಕಿ. 1939ರಲ್ಲಿ ವಾಷಿಂಗ್ಟನ್ನಿನ ದೊಡ್ಡ ಸಭಾಂಗಣವೊಂದರಲ್ಲಿ ಹಾಡೋಕೆ ಅವಕಾಶ ಕೇಳಿದಾಗ ಅದರ ಒಡೆತನದ ಬಿಳಿ ಮಹಿಳೆಯರ ಸಂಘ ಕೊಡಲಿಲ್ಲ. ಗಮನಿಸಿ, ಮಹಿಳೆಯರ ಸಂಘ. ಆಗ ಅಧ್ಯಕ್ಷರ ಪತ್ನಿ ಎಲಿನರ್ ರೂಸ್‌ವೆಲ್ಟ್ ಆ ಸಂಘಕ್ಕೆ ರಾಜೀನಾಮೆ ಕೊಟ್ಟರು. ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು, ಬಯಲಿನಲ್ಲಿ ಸೇರಿದ್ದ ಸುಮಾರು 75,000 ಜನರ ಎದುರು ಆಂಡರ್ಸನ್ ಹಾಡಿದರು. ಅಂಥ ಹೆಣ್ಣುಮಗಳ ಮಾತು ಎಂಬತ್ತೈದು ವರ್ಷದ ಮೇಲೆ ಕೊಪ್ಪಳದ ಕೋರ್ಟ್ ಹಾಲ್‌ನಲ್ಲಿ ಬಂತು. ಬಂದಿದ್ದನ್ನು ನಾನು ಜಂಪ್ ಮಾಡಿದ್ದೆ.

ಅಮೆರಿಕದ ಕಪ್ಪು ಜನರಿಗೂ ನಮ್ಮ ದಲಿತರಿಗೂ ನಂಟು ಹೊಸದೇನಲ್ಲ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದು, ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು. ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದರು. 1972ರಲ್ಲಿ ಮುಂಬೈಯ ಹುಡುಗರು ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ನೋಡಿ ದಲಿತ್ ಪ್ಯಾಂಥರ್ಸ್ ಕಟ್ಟಿದರು. ಅದೇ ದಶಕದಲ್ಲಿ ಬಿ. ಕೃಷ್ಣಪ್ಪ ಮತ್ತು ಗೆಳೆಯರು ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಇವೆಲ್ಲ ಪರೀಕ್ಷೆಗೆ ಬರೋ ಪ್ರಶ್ನೆಗಳು, ಹಲವರಿಗೆ ಗೊತ್ತಿರುತ್ತೆ. ಆದರೆ ಈ ಪಟ್ಟಿಯನ್ನು ಇನ್ನೊಂದು ಸಲ ಓದಿ ನೋಡಿ. ಪತ್ರ ಬರೆದವರು ಗಂಡಸರು, ಪತ್ರ ತಲುಪಿದ್ದು ಗಂಡಸರಿಗೆ.

ಹೆಣ್ಣುಮಕ್ಕಳ ನಡುವಿನ ನಂಟನ್ನು ಹುಡುಕಿಕೊಂಡು ಹೋದಾಗ ನನಗೆ ಸಿಕ್ಕ ಹೆಸರು ರೂತ್ ಮನೋರಮಾ. ಬೆಂಗಳೂರಿನಲ್ಲಿ ನಲವತ್ತು ವರ್ಷ ಕೆಲಸ ಮಾಡಿದವರು. ಹೆಸರು ಕೇಳಿದ ಕೂಡಲೇ ನನಗೆ ಸ್ವಲ್ಪ ನಾಚಿಕೆಯಾಯ್ತು, ಯಾಕೆ ಅಂತ ಮುಂದೆ ಹೇಳ್ತೀನಿ.

ರೂತ್ ಹುಟ್ಟಿದ್ದು 1952ರಲ್ಲಿ, ಚೆನ್ನೈನಲ್ಲಿ. ಕ್ರೈಸ್ತ ಧರ್ಮಕ್ಕೆ ಸೇರಿದ ದಲಿತ ಕುಟುಂಬ. ತಂದೆ ಪಾಲ್ ಧನರಾಜ್ ಅಂಚೆ ಇಲಾಖೆಯ ನೌಕರ, ದಲಿತರಿಗೆ ಭೂಮಿ ಸಿಗಬೇಕು ಅಂತ ಓಡಾಡಿದವರು. ತಾಯಿ ಡೊರೊಥಿ ಶಿಕ್ಷಕಿ. ಆ ತಾಯಿಗೆ ಪಂಡಿತಾ ರಮಾಬಾಯಿ ಅಂದ್ರೆ ಆದರ್ಶ. ಇಲ್ಲಿ ಒಂದು ನಿಮಿಷ ಪಕ್ಕಕ್ಕೆ ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ. ರಮಾಬಾಯಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ಹಿಂದೂ ಮೇಲ್ಜಾತಿ ಹೆಣ್ಣಿನ ಪಾಡಿನ ಬಗ್ಗೆ ಅವರು ಬರೆದ ಇಂಗ್ಲಿಷ್ ಪುಸ್ತಕ 1887ರಲ್ಲಿ ಅಚ್ಚಾಗಿದ್ದು ಫಿಲಡೆಲ್ಫಿಯಾದಲ್ಲಿ, ಆಂಡರ್ಸನ್ ಹುಟ್ಟಿದ ಊರಲ್ಲಿ. ಅದೇ 1858ರಲ್ಲಿ ಅಮೆರಿಕದಲ್ಲಿ ಗುಲಾಮಳಾಗಿ ಹುಟ್ಟಿದ ಇನ್ನೊಬ್ಬಳು ಹುಡುಗಿ ಆನಾ ಜೂಲಿಯಾ ಕೂಪರ್. ಆಕೆ ಓದಿ ಮೇಷ್ಟ್ರಾದಳು, ವಾಷಿಂಗ್ಟನ್ನಿನ ಕಪ್ಪು ಮಕ್ಕಳ ಹೈಸ್ಕೂಲಿಗೆ ಹೆಡ್ ಮಿಸ್ಟ್ರೆಸ್ ಆದಳು. ಕಪ್ಪು ಮಕ್ಕಳಿಗೆ ಬರೀ ಕಸುಬು ಸಾಕು, ಕಾಲೇಜಿಗೆ ಕಳಿಸೋ ಪಾಠ ಯಾಕೆ ಅಂತ ಕೇಳುತ್ತಿದ್ದ ಕಾಲ ಅದು. ಈಕೆ ಕಾಲೇಜಿನ ಪಾಠವನ್ನೇ ಹಿಡಿದು ನಿಂತಳು, ಹುದ್ದೆ ಕಳೆದುಕೊಂಡಳು. 1925ರಲ್ಲಿ, ವಯಸ್ಸು ಅರವತ್ತು ದಾಟಿ ಎಷ್ಟೋ ವರ್ಷ ಆದ ಮೇಲೆ, ಪ್ಯಾರಿಸ್ಸಿನ ಸೋರ್ಬಾನ್‌ನಿಂದ ಡಾಕ್ಟರೇಟ್ ಪಡೆದಳು. 1892ರಲ್ಲೇ ಆಕೆ ಪುಸ್ತಕ ಬರೆದು ಎತ್ತಿದ್ದ ತಕರಾರು ಒಂದಿದೆ: ಕಪ್ಪು ಜನರ ಪರವಾಗಿ ಕಪ್ಪು ಗಂಡಸರು ಮಾತಾಡ್ತಾರೆ, ಹೆಂಗಸರ ಪರವಾಗಿ ಬಿಳಿ ಹೆಂಗಸರು ಮಾತಾಡ್ತಾರೆ, ಕಪ್ಪು ಹೆಂಗಸಿನ ಮಾತನ್ನು ಯಾರೂ ಕೇಳಿಲ್ಲ.

ಈ ತಕರಾರನ್ನು ನೆನಪಲ್ಲಿಟ್ಟುಕೊಳ್ಳಿ. ರೂತ್ ಮನೋರಮಾ ನೂರು ವರ್ಷದ ಮೇಲೆ ನಮ್ಮ ನೆಲದಲ್ಲಿ ಎತ್ತಿದ್ದು ಇದೇ ತಕರಾರು.

ಚೆನ್ನೈನಲ್ಲಿ ವಿಜ್ಞಾನ ಪದವಿ, ಆಮೇಲೆ 1975ರಲ್ಲಿ ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿದ ರೂತ್ ಬೆಂಗಳೂರಿಗೆ ಬಂದರು. ಬೆಂಗಳೂರು ಆಗ ಬೆಳೀತಾ ಇತ್ತು. ನಗರ ಬೆಳೆಯುವಾಗ ಮೊದಲು ಎಬ್ಬಿಸೋದು ಕೊಳೆಗೇರಿಯವರನ್ನು. ಹಗಲಲ್ಲಿ ಗಂಡಸರು ಕೂಲಿಗೆ ಹೋಗಿರ್ತಾರೆ, ಜೆಸಿಬಿ ಎದುರಿಗೆ ನಿಲ್ಲೋರು ಹೆಂಗಸರು. ಗುಡಿಸಲು ಹೋದ ಮೇಲೆ ನೀರು ಎಲ್ಲಿಂದ, ರೇಷನ್ ಕಾರ್ಡ್ ಯಾವ ವಿಳಾಸಕ್ಕೆ, ಮಗಳ ಸ್ನಾನಕ್ಕೆ ಮರೆ ಎಲ್ಲಿ, ಇದೂ ಅವರ ತಲೆನೋವೇ. ಆ ಹೆಂಗಸರಲ್ಲಿ ಬಹಳಷ್ಟು ಜನ ದಲಿತರು, ಬೆಳಗ್ಗೆ ಎದ್ದು ಬೇರೆಯವರ ಮನೆ ಪಾತ್ರೆ ತೊಳೆಯೋಕೆ ಹೋಗೋರು. 1985ರಲ್ಲಿ ರೂತ್ 'ವಿಮೆನ್ಸ್ ವಾಯ್ಸ್' ಅನ್ನೋ ಸಂಘಟನೆ ಕಟ್ಟಿದ್ದು ಇವರಿಗಾಗಿ. ಕೊಳೆಗೇರಿ ಎತ್ತಂಗಡಿ ವಿರುದ್ಧ ಮೆರವಣಿಗೆ, ಮನೆಗೆಲಸದವರ ಸಂಘ, ಕನಿಷ್ಠ ಕೂಲಿ ಮತ್ತು ವಾರಕ್ಕೊಂದು ರಜೆಯ ಬೇಡಿಕೆ. ಈಗ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ 'ಮೇಡ್ ರಜೆ ಹಾಕಿದ್ಲು' ಅಂತ ಬೈಕೊಳ್ಳೋ ನಾವು, ಆ ರಜೆ ಕೇಳೋಕೂ ಒಬ್ಬರು ಬೀದಿಗೆ ಇಳಿಯಬೇಕಾಯ್ತು ಅನ್ನೋದನ್ನು ಮರೆತುಬಿಡ್ತೀವಿ.

ಈ ಕೆಲಸ ಮಾಡ್ತಾ ಮಾಡ್ತಾ ರೂತ್‌ಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮಹಿಳಾ ಚಳವಳಿಯ ಸಭೆಗೆ ಹೋದರೆ ವರದಕ್ಷಿಣೆ, ಕುಟುಂಬದ ಹಿಂಸೆ ಬಗ್ಗೆ ಮಾತಾಡ್ತಾರೆ, ಜಾತಿಯ ಮಾತು ಬಂದ ತಕ್ಷಣ 'ನಾವೆಲ್ಲ ಹೆಣ್ಣುಮಕ್ಕಳೇ ಅಲ್ವಾ' ಅಂತ ಮುಂದಿನ ವಿಷಯಕ್ಕೆ ಹೋಗ್ತಾರೆ. ದಲಿತ ಚಳವಳಿಯ ಸಭೆಗೆ ಹೋದರೆ ವೇದಿಕೆ ಮೇಲೆ ಗಂಡಸರು, ಹೆಣ್ಣಿನ ಮಾತು ಬಂದರೆ 'ಮೊದಲು ಜಾತಿ ಹೋಗಲಿ' ಅಂತಾರೆ. ಎರಡೂ ಕಡೆ ಕುರ್ಚಿ ಇದೆ, ಎರಡೂ ಕಡೆ ಮೈಕ್ ಇಲ್ಲ. ದಲಿತ ಹೆಣ್ಣು ದಲಿತರಲ್ಲಿ ದಲಿತಳು ಅಂತ ರೂತ್ ಹೇಳಿದ್ದು ಈ ಅನುಭವದಿಂದ. ಜಾತಿ, ವರ್ಗ, ಹೆಣ್ಣುತನ, ಮೂರೂ ಅವಳ ಮೇಲೆ ಒಟ್ಟಿಗೇ ಬೀಳುತ್ತವೆ ಅನ್ನೋದು ಅವರ ವಾದ.

ಇದು ಬರೀ ಭಾಷಣದ ಮಾತಾಗಬಾರದು ಅಂದ್ರೆ ಸಾಕ್ಷಿ ಬೇಕು. 1994ರಲ್ಲಿ ಬೆಂಗಳೂರಿನಲ್ಲಿ ದಲಿತ ಮಹಿಳೆಯರ ಮೇಲಿನ ದೌರ್ಜನ್ಯಗಳ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಅನುಭವಿಸಿದವರೇ ಬಂದು, ತಮ್ಮದೇ ಮಾತಲ್ಲಿ, ಹೇಳಿದರು. ಮರುವರ್ಷ, 1995ರಲ್ಲಿ, ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಶುರುವಾಯ್ತು, ರೂತ್ ಅದರ ಮುಂದಾಳು. ಅದೇ ವರ್ಷ ಬೀಜಿಂಗ್‌ನಲ್ಲಿ ವಿಶ್ವಸಂಸ್ಥೆಯ ನಾಲ್ಕನೇ ಮಹಿಳಾ ಸಮ್ಮೇಳನ ಇತ್ತು. ಭಾರತದ ದಲಿತ ಹೆಣ್ಣುಮಕ್ಕಳು ಅಲ್ಲಿಗೂ ಜಾತಿಯ ಪ್ರಶ್ನೆ ಹೊತ್ತುಕೊಂಡು ಹೋದರು.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರು ಕೇಳಬಹುದು, ಜಾತಿ ದೌರ್ಜನ್ಯಕ್ಕೆ ಒಂದು ಕಾನೂನಿದೆ, ಮಹಿಳಾ ದೌರ್ಜನ್ಯಕ್ಕೆ ಇನ್ನೊಂದು ಕಾನೂನಿದೆ, ಎರಡನ್ನೂ ಹಾಕಿದರೆ ಆಯ್ತಲ್ಲ, ಮೂರನೇ ಹೆಸರು ಯಾಕೆ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಅರ್ಥ ಆಗಿದ್ದು ಒಂದು ಕಾರ್ ಕಾರ್ಖಾನೆಯ ಕಥೆಯಿಂದ.

ಜನರಲ್ ಮೋಟಾರ್ಸ್ ಮೇಲೆ ಐದು ಜನ ಕಪ್ಪು ಹೆಂಗಸರು ಕೇಸ್ ಹಾಕಿದರು. ಕಂಪನಿ 1964ಕ್ಕೆ ಮುಂಚೆ ಕಪ್ಪು ಹೆಂಗಸರನ್ನು ಹೆಚ್ಚೂಕಡಿಮೆ ತೆಗೆದುಕೊಂಡೇ ಇರಲಿಲ್ಲ. ಆಮೇಲೆ ಕೆಲಸಗಾರರನ್ನು ಕಡಿಮೆ ಮಾಡುವಾಗ ಸೀನಿಯಾರಿಟಿ ನೋಡಿ, ಕೊನೆಗೆ ಬಂದವರನ್ನು ಮೊದಲು ತೆಗೆದರು. ಕೊನೆಗೆ ಬಂದವರು ಯಾರು? ಕಪ್ಪು ಹೆಂಗಸರೇ. 1976ರಲ್ಲಿ ಕೋರ್ಟ್ ಏನು ಹೇಳಿತು ಗೊತ್ತಾ? ಕಂಪನಿ ಹೆಂಗಸರನ್ನು ಮುಂಚಿನಿಂದ ತೆಗೆದುಕೊಂಡಿದೆ, ಆದ್ದರಿಂದ ಹೆಣ್ಣು ಅಂತ ತಾರತಮ್ಯ ಇಲ್ಲ. ಬಣ್ಣದ ವಿಷಯಕ್ಕೆ ಬೇರೊಂದು ಕೇಸ್ ನಡೀತಾ ಇದೆ, ಅದಕ್ಕೆ ಸೇರಿಕೊಳ್ಳಿ. ಎರಡನ್ನೂ ಕೂಡಿಸಿ ಹೊಸದೊಂದು ಗುಂಪು ಮಾಡಿಕೊಳ್ಳೋಕೆ ಆಗಲ್ಲ. ಹೆಂಗಸರು ಅಂದಾಗ ಕಂಪನಿ ತೋರಿಸಿದ್ದು ಆಫೀಸಿನ ಬಿಳಿ ಹೆಂಗಸರನ್ನು, ಕಪ್ಪು ಜನ ಅಂದಾಗ ತೋರಿಸಿದ್ದು ಕಾರ್ಖಾನೆಯ ಕಪ್ಪು ಗಂಡಸರನ್ನು. ಎರಡೂ ಲೆಕ್ಕ ಸರಿ ಇತ್ತು. ಐದು ಜನಕ್ಕೆ ಮಾತ್ರ ಕೆಲಸ ಇರಲಿಲ್ಲ. 1989ರಲ್ಲಿ ಕಿಂಬರ್ಲಿ ಕ್ರೆನ್‌ಷಾ ಅನ್ನೋ ಕಪ್ಪು ಕಾನೂನು ಪ್ರಾಧ್ಯಾಪಕಿ ಈ ಕೇಸನ್ನು ಬಿಡಿಸಿ ನೋಡಿ, ಇದಕ್ಕೊಂದು ಹೆಸರಿಟ್ಟರು. ಇಂಟರ್‌ಸೆಕ್ಷನಾಲಿಟಿ. ರಸ್ತೆಗಳು ಕೂಡುವ ವೃತ್ತದಲ್ಲಿ ನಿಂತವಳಿಗೆ ಯಾವ ಕಡೆಯ ಗಾಡಿಯೂ ಡಿಕ್ಕಿ ಹೊಡೀಬಹುದು, ಕೆಲವು ಸಲ ಎಲ್ಲ ಕಡೆಯವೂ ಒಟ್ಟಿಗೇ ಹೊಡೀತಾವೆ. ಅಪಘಾತ ಆದ ಮೇಲೆ ಯಾವ ಗಾಡಿ ಅಂತ ಒಂದನ್ನೇ ತೋರಿಸು ಅಂದ್ರೆ ಆಕೆ ಏನು ಮಾಡಬೇಕು?

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕಾಲೇಜು ಬಿಟ್ಟ ಮೇಲೆ ಒಂದು ಇಟ್ಟಿಗೆಯನ್ನೂ ಇಟ್ಟಿಲ್ಲ, ಆದರೂ ಕಂಬದ ಡಿಸೈನ್ ನೆನಪಿದೆ. ಮೇಲಿನಿಂದ ಬರೋ ಭಾರವನ್ನು ಮಾತ್ರ ಲೆಕ್ಕ ಹಾಕಿದರೆ ಕಂಬ ಸೇಫ್. ಪಕ್ಕದಿಂದ ಬಗ್ಗಿಸೋ ಬಲವನ್ನು ಮಾತ್ರ ಲೆಕ್ಕ ಹಾಕಿದರೂ ಸೇಫ್. ಎರಡೂ ಒಟ್ಟಿಗೆ ಬಂದಾಗ ಅದೇ ಕಂಬ ಕುಸಿಯಬಹುದು. ಅದಕ್ಕೇ ನಮಗೆ ಎಸ್‌ಪಿ 16 ಅನ್ನೋ ದಪ್ಪ ಪುಸ್ತಕದಲ್ಲಿ ಎರಡೂ ಬಲಗಳನ್ನು ಸೇರಿಸಿ ನೋಡುವ ಚಾರ್ಟುಗಳಿದ್ದವು. ಒಂದೊಂದನ್ನೇ ಬೇರೆ ಬೇರೆ ಪರೀಕ್ಷೆ ಮಾಡಿ 'ಸೇಫ್' ಅಂತ ಸೀಲ್ ಹಾಕಿದರೆ ಮೇಷ್ಟ್ರು ಸೊನ್ನೆ ಕೊಡ್ತಿದ್ರು. ಆ ಜನರಲ್ ಮೋಟಾರ್ಸ್ ಕೇಸಿನ ನ್ಯಾಯಾಧೀಶರಿಗೂ ನಮ್ಮ ಮೇಷ್ಟ್ರು ಸೊನ್ನೆ ಕೊಡ್ತಿದ್ರು ಅನ್ಸುತ್ತೆ.

ನಮ್ಮ ದೇಶದ್ದೇ ಉದಾಹರಣೆ ಬೇಕಾ? 2021ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಆಂಧ್ರಪ್ರದೇಶದ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳು ಪರಿಶಿಷ್ಟ ಜಾತಿಯವಳು, ಹುಟ್ಟಿನಿಂದ ಕುರುಡಿ. ಅತ್ಯಾಚಾರಕ್ಕೆ ಜೀವಾವಧಿ ಶಿಕ್ಷೆ ಎತ್ತಿಹಿಡಿದ ನ್ಯಾಯಾಲಯ, ದೌರ್ಜನ್ಯ ತಡೆ ಕಾಯ್ದೆಯಡಿಯ ಶಿಕ್ಷೆಯನ್ನು ಮಾತ್ರ ರದ್ದು ಮಾಡಬೇಕಾಯ್ತು. ಯಾಕಂದ್ರೆ ಆ ಘಟನೆ ನಡೆದಾಗಿದ್ದ ಕಾನೂನಿನ ಪ್ರಕಾರ, ಆಕೆ ಆ ಜಾತಿಯವಳು ಅನ್ನೋ ಕಾರಣಕ್ಕೇ ಅಪರಾಧ ನಡೀತು ಅಂತ ಸಾಬೀತು ಆಗಬೇಕಿತ್ತು. ಆ ಸಾಕ್ಷಿ ಇರಲಿಲ್ಲ. ಹೆಣ್ಣು ಅಂತಲೋ, ಜಾತಿ ಅಂತಲೋ, ಕಣ್ಣು ಕಾಣಲ್ಲ ಅಂತಲೋ? ಆರೋಪಿಯ ತಲೆಯೊಳಗೆ ಹೋಗಿ ನೋಡಿದವರು ಯಾರು? ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಈ ಇಕ್ಕಟ್ಟನ್ನು ಉದ್ದಕ್ಕೂ ಬಿಡಿಸಿ ಬರೆಯಿತು, ಕ್ರೆನ್‌ಷಾ ಹೇಳಿದ ಆ ಪದವನ್ನೇ ಬಳಸಿತು. 2016ರ ಜನವರಿಯಿಂದ ಆ ಸೆಕ್ಷನ್ ಬದಲಾಗಿದೆ. ಸಂತ್ರಸ್ತೆ ಪರಿಶಿಷ್ಟ ಜಾತಿಯವಳು ಅಂತ ಗೊತ್ತಿದ್ದು ಅಪರಾಧ ಮಾಡಿದರೆ ಸಾಕು. ನೋಡೋಕೆ ಎರಡು ಪದದ ತಿದ್ದುಪಡಿ. ಆದರೆ ಆ ಕುರುಡಿ ಹೆಣ್ಣುಮಗಳ ಮೇಲೆ ದೌರ್ಜನ್ಯ ನಡೆದಿದ್ದು ಅದಕ್ಕೂ ಮುಂಚೆ.

ರೂತ್ ಈ ಪ್ರಶ್ನೆಯನ್ನು ಹೊತ್ತುಕೊಂಡು 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಹೋದರು. ಜನಾಂಗೀಯ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ. ಅದರ ಪೂರ್ವಸಿದ್ಧತೆಗೆ ಪ್ರಬಂಧ ಬರೆದುಕೊಟ್ಟವರಲ್ಲಿ ಅದೇ ಕ್ರೆನ್‌ಷಾ ಇದ್ದರು. ಭಾರತದಿಂದ ದಲಿತ ಕಾರ್ಯಕರ್ತರ ದೊಡ್ಡ ತಂಡವೇ ಹೋಗಿತ್ತು. ಭಾರತ ಸರ್ಕಾರದ ನಿಲುವು ಏನಿತ್ತು ಅಂದ್ರೆ, ಜಾತಿ ಬೇರೆ, ಜನಾಂಗ ಬೇರೆ, ಇದು ನಮ್ಮ ಮನೆಯ ವಿಷಯ. ಕೊನೆಯ ದಾಖಲೆಯಲ್ಲಿ ಜಾತಿಯ ಉಲ್ಲೇಖ ಬರಲಿಲ್ಲ. ಸೋತರು ಅಂತ ಅವತ್ತು ಎಲ್ಲರೂ ಬರೆದರು. ಆದರೆ ಮರುವರ್ಷ, 2002ರಲ್ಲಿ, ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿ ಒಂದು ಶಿಫಾರಸು ಹೊರಡಿಸಿ, ಹುಟ್ಟಿನ ಆಧಾರದ ತಾರತಮ್ಯದಲ್ಲಿ ಜಾತಿಯೂ ಸೇರುತ್ತೆ ಅಂತ ಸ್ಪಷ್ಟ ಮಾಡಿತು. ಅದರಲ್ಲಿ ಇಂಥ ಸಮುದಾಯಗಳ ಹೆಂಗಸರ ಮೇಲಿನ ಬಹುಮುಖಿ ತಾರತಮ್ಯಕ್ಕೆ ಒಂದು ಪ್ರತ್ಯೇಕ ಭಾಗವೇ ಇದೆ. ಬೆಂಗಳೂರಿನ ಕೊಳೆಗೇರಿಯ ಸಭೆಯಲ್ಲಿ ಎದ್ದ ಮಾತು ಜಿನೀವಾದ ಕಾಗದಕ್ಕೆ ಹೋಗೋಕೆ ಸುಮಾರು ಹದಿನೇಳು ವರ್ಷ ಹಿಡೀತು.

2006ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಪರ್ಯಾಯ ನೊಬೆಲ್ ಅಂತ ಕರೀತಾರೆ. ಆ ವರ್ಷ ಅದನ್ನು ಹಂಚಿಕೊಂಡವರಲ್ಲಿ ವಿಯೆಟ್ನಾಂ ಯುದ್ಧದ ಗುಟ್ಟಿನ ಕಡತ ಹೊರಹಾಕಿದ ಡೇನಿಯಲ್ ಎಲ್ಸ್‌ಬರ್ಗ್ ಕೂಡ ಇದ್ದರು.

ಈಗ ನನ್ನ ನಾಚಿಕೆಯ ವಿಷಯ. 2014ರ ಲೋಕಸಭಾ ಚುನಾವಣೆ. ನಾನು ಆಗಿನ್ನೂ ಹೊಸಬಳು, ಒಂದು ಚಾನೆಲ್ಲಿನ ಡೆಸ್ಕಿನಲ್ಲಿ ಅಂಕಿಅಂಶ ಟೈಪ್ ಮಾಡ್ತಿದ್ದೆ. ಬೆಂಗಳೂರು ದಕ್ಷಿಣ ಅಂದ್ರೆ ಇಡೀ ದೇಶದ ಕಣ್ಣು. ಬಿಜೆಪಿಯ ಅನಂತಕುಮಾರ್, ಕಾಂಗ್ರೆಸ್ಸಿನ ನಂದನ್ ನಿಲೇಕಣಿ. ನಾನೇ ಮಾಡಿಸಿದ ಗ್ರಾಫಿಕ್ಸ್‌ನಲ್ಲಿ ಇಬ್ಬರ ಫೋಟೋ, ನಡುವೆ ಮಿಂಚು. ಅದೇ ಕ್ಷೇತ್ರದಲ್ಲಿ ಜೆಡಿಎಸ್ ಅಭ್ಯರ್ಥಿಯಾಗಿ ರೂತ್ ಮನೋರಮಾ ನಿಂತಿದ್ದರು. ಪಟ್ಟಿಯಲ್ಲಿ ಹೆಸರು ನಾನೇ ಟೈಪ್ ಮಾಡಿದ್ದೆ, ಬಹುಶಃ ಕಾಗುಣಿತವನ್ನೂ ತಪ್ಪು ಮಾಡಿದ್ದೆ. ಯಾರು ಈಕೆ ಅಂತ ಒಂದು ನಿಮಿಷ ಹುಡುಕಲಿಲ್ಲ. ಆಕೆ ಗೆಲ್ಲುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೆ ಕೊಳೆಗೇರಿಯ ಹೆಂಗಸರನ್ನು ಮೂವತ್ತು ವರ್ಷ ಸಂಘಟಿಸಿದವಳು ಬೆಂಗಳೂರಿನಲ್ಲಿ ಯಾಕೆ ಗೆಲ್ಲಲ್ಲ ಅನ್ನೋದು ಆ ಚುನಾವಣೆಯ ಒಳ್ಳೆ ಸುದ್ದಿಯಾಗ್ತಿತ್ತು.

ಆ ವರ್ಷದ ಆಗಸ್ಟಿನಲ್ಲೇ ಮರಕುಂಬಿ ಉರಿದಿದ್ದು.

ನಾನು ಕುಷ್ಟಗಿ ಕಡೆಯ ಹುಡುಗಿ. ಕೊಪ್ಪಳ ಜಿಲ್ಲೆಯ ಸುದ್ದಿ ಬಂದಾಗಲೆಲ್ಲ ನನಗೇ ಓದೋಕೆ ಕೊಡ್ತಾರೆ, ಊರ ಹೆಸರು ಸರಿಯಾಗಿ ಹೇಳ್ತೀನಿ ಅಂತ. ಹಾಗಾಗಿ ಈ ಸುದ್ದಿಗಳೆಲ್ಲ ನನ್ನ ಬಾಯಿಂದಲೇ ಹೋಗಿವೆ. 2021ರ ಸೆಪ್ಟೆಂಬರ್, ಕುಷ್ಟಗಿ ತಾಲ್ಲೂಕು, ಮಿಯಾಪುರ: ಹುಟ್ಟುಹಬ್ಬದ ದಿನ ಪುಟ್ಟ ಮಗುವೊಂದು ಓಡಿ ಗುಡಿಯೊಳಗೆ ಹೋಯ್ತು ಅಂತ ದಲಿತ ಕುಟುಂಬಕ್ಕೆ 25,000 ರೂಪಾಯಿ ದಂಡ. 2024ರ ಆಗಸ್ಟ್, ಯಲಬುರ್ಗಾ ತಾಲ್ಲೂಕು, ಸಂಗನಾಳ: ಕ್ಷೌರದ ವಿಷಯಕ್ಕೆ ಜಗಳವಾಗಿ ದಲಿತ ಯುವಕನ ಕೊಲೆ. ಅದಾಗಿ ಎರಡು ತಿಂಗಳಿಗೆ ಗಂಗಾವತಿ ತಾಲ್ಲೂಕಿನ ಮರಕುಂಬಿಯ ತೀರ್ಪು. ಮೂರಕ್ಕೂ ನಾನು ಚರ್ಚೆ ನಡೆಸಿದ್ದೀನಿ. ರೂತ್ ಬಗ್ಗೆ ಓದಿದ ಮೇಲೆ ಹಳೆಯ ರೆಕಾರ್ಡಿಂಗ್ ತರಿಸಿ ನೋಡಿದೆ. ಮೂರೂ ಚರ್ಚೆಯ ಪ್ಯಾನೆಲ್‌ನಲ್ಲಿ ನನ್ನನ್ನು ಬಿಟ್ಟರೆ ಒಬ್ಬ ಹೆಣ್ಣುಮಗಳಿಲ್ಲ. ಪೊಲೀಸ್ ಏನು ಮಾಡಿದ್ರು, ಮಠಾಧೀಶರು ಏನಂದ್ರು, ಜಿಲ್ಲಾಧಿಕಾರಿ ಶಾಂತಿಸಭೆ ಮಾಡಿದ್ರಾ, ಇವು ನನ್ನ ಪ್ರಶ್ನೆಗಳು. ಮಗುವಿನ ತಾಯಿ ಮರುದಿನ ಅದೇ ಬೀದಿಯಲ್ಲಿ ನೀರಿಗೆ ಹೇಗೆ ಹೋದಳು? ಸತ್ತ ಹುಡುಗನ ಮನೆಯ ಒಲೆ ಈಗ ಯಾರ ದುಡಿಮೆಯಲ್ಲಿ ಉರಿಯುತ್ತೆ? ಹತ್ತು ವರ್ಷ ಕೇಸ್ ನಡೆಯುವಾಗ ಮರಕುಂಬಿಯ ದಲಿತ ಹೆಂಗಸರು ಕಳೆ ಕೀಳೋಕೆ, ನಾಟಿಗೆ ಯಾರ ಗದ್ದೆಗೆ ಹೋದರು, ಕೂಲಿ ಕೇಳುವಾಗ ಯಾರ ಮುಖ ನೋಡಿದರು? ಕೇಳಿಲ್ಲ. ನಾನೂ ಒಬ್ಬ ಹೆಣ್ಣು, ಆದರೂ ಕೇಳಿಲ್ಲ. ಆನಾ ಜೂಲಿಯಾ ಕೂಪರ್ 1892ರಲ್ಲಿ ಎತ್ತಿದ ತಕರಾರು ನೇರ ನನ್ನ ಮೇಲೆ ಬರುತ್ತೆ.

ಕೊಪ್ಪಳದಲ್ಲಿ ರೂತ್ ವಾದವನ್ನು ಅರ್ಥ ಮಾಡಿಕೊಳ್ಳೋಕೆ ಇಂಗ್ಲಿಷ್ ಪುಸ್ತಕವೇ ಬೇಕಿಲ್ಲ. ದೇವದಾಸಿ ಪದ್ಧತಿಯನ್ನೇ ನೋಡಿ. ಮುತ್ತು ಕಟ್ಟಿಸಿಕೊಂಡವರು ಬಹುತೇಕ ದಲಿತ ಹುಡುಗಿಯರು. ಹಾಗಾದರೆ ಇದು ಜಾತಿಯ ಸಮಸ್ಯೆಯಾ? ಅದೇ ಮನೆಯ ಗಂಡುಹುಡುಗನಿಗೆ ಆ ಪಾಡು ಬರಲಿಲ್ಲವಲ್ಲ. ಹೆಣ್ಣಿನ ಸಮಸ್ಯೆಯಾ? ಅಗಸಿಯೊಳಗಿನ ದೊಡ್ಡ ಮನೆಯ ಹುಡುಗಿಗೆ ಯಾರೂ ಮುತ್ತು ಕಟ್ಟಲಿಲ್ಲವಲ್ಲ. ಕಾರ್ ಕಾರ್ಖಾನೆಯ ಐದು ಹೆಂಗಸರದ್ದೂ ಇದೇ ಜಾಗ. ಕರ್ನಾಟಕದಲ್ಲಿ 1982ರಲ್ಲೇ ನಿಷೇಧದ ಕಾಯ್ದೆ ಆಯ್ತು. ಆದರೂ ಆಮೇಲೆ ನಡೆದ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ, 14 ಜಿಲ್ಲೆಗಳಲ್ಲಿ ಒಟ್ಟು 46,660 ಮಂದಿ ಸಿಕ್ಕರು. ಕೊಪ್ಪಳವೂ ಆ ಜಿಲ್ಲೆಗಳಲ್ಲೊಂದು. ಅವರ ಮಕ್ಕಳು ಶಾಲೆಗೆ ಸೇರುವಾಗ ಅರ್ಜಿಯಲ್ಲಿ 'ತಂದೆಯ ಹೆಸರು' ಅನ್ನೋ ಜಾಗದಲ್ಲಿ ಪೆನ್ನು ನಿಲ್ಲುತ್ತಿತ್ತು. ನನ್ನ ಕ್ಲಾಸಿನಲ್ಲೂ ಅಂಥ ಒಬ್ಬಳಿದ್ದಳು, ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಅಲ್ಲಿ ಒಂದು ಗೆರೆ ಎಳೆದಿದ್ದರು. ನಾವು ಮಕ್ಕಳು ಆ ಗೆರೆಯನ್ನು ನೋಡಿ ನಗುತ್ತಿದ್ದೆವು. ಇಂಥ ಮಕ್ಕಳು ತಂದೆಯ ಹೆಸರು ಹೇಳಲೇಬೇಕು ಅನ್ನೋ ಒತ್ತಾಯ ಇರಬಾರದು ಅಂತ ರಾಜ್ಯದಲ್ಲಿ ಹೊಸ ಮಸೂದೆ ಅಂಗೀಕಾರವಾಗೋಕೆ 2025ರವರೆಗೆ ಕಾಯಬೇಕಾಯ್ತು.

ರೂತ್ ಬಗ್ಗೆ ಟೀಕೆಗಳೂ ಇವೆ. ನಮ್ಮ ಜಗಳವನ್ನು ವಿದೇಶಕ್ಕೆ ಯಾಕೆ ಒಯ್ಯಬೇಕು ಅಂತ ಡರ್ಬನ್ ಸಮಯದಲ್ಲಿ ಬಹಳ ಜನ ಕೇಳಿದರು. ದಲಿತ ಚಳವಳಿ ಒಡೆಯುತ್ತೆ, ಹೆಂಗಸರಿಗೆ ಬೇರೆ ಒಕ್ಕೂಟ ಯಾಕೆ ಅನ್ನೋ ಮಾತೂ ಇತ್ತು. ಮೊದಲನೆಯದಕ್ಕೆ ನನ್ನ ಉತ್ತರ ಸುಲಭ: ಮನೆಯಲ್ಲಿ ಕೇಳಿದ್ದರೆ ಹೊರಗೆ ಹೋಗ್ತಿರಲಿಲ್ಲ. ಎರಡನೆಯದು ಅಷ್ಟು ಸುಲಭವಲ್ಲ. ಒಗ್ಗಟ್ಟಿಗೆ ಬೆಲೆ ಇದೆ, ಮರಕುಂಬಿಯಂಥ ಊರಲ್ಲಿ ಹತ್ತು ವರ್ಷ ಸಾಕ್ಷಿಗಳು ನಿಲ್ಲಬೇಕಾದರೆ ಇಡೀ ಕೇರಿ ಒಂದಾಗಿರಬೇಕು. ಆದರೆ ಆ ಒಗ್ಗಟ್ಟಿನ ಖರ್ಚನ್ನು ಯಾವಾಗಲೂ ಹೆಂಗಸರೇ ಸುಮ್ಮನಿದ್ದು ಕಟ್ಟಬೇಕಾ ಅನ್ನೋದು ರೂತ್ ಪ್ರಶ್ನೆ, ಅದಕ್ಕೆ ನನಗೆ ಸರಿಯಾದ ಉತ್ತರ ಯಾರೂ ಕೊಟ್ಟಿಲ್ಲ.

ಯಲಬುರ್ಗಾ ತಾಲ್ಲೂಕಿನ ಒಂದು ಪಂಚಾಯ್ತಿಗೆ ನಾನು ವರದಿಗೆ ಹೋಗಿದ್ದೆ. ಅಧ್ಯಕ್ಷೆ ಮೀಸಲಾತಿಯಲ್ಲಿ ಗೆದ್ದ ದಲಿತ ಹೆಣ್ಣುಮಗಳು. ಸದಸ್ಯರೆಲ್ಲ ಕುರ್ಚಿಯಲ್ಲಿ ಕೂತಿದ್ದರು, ಅಧ್ಯಕ್ಷೆ ಬಾಗಿಲ ಪಕ್ಕ ನಿಂತಿದ್ದರು, ಗಂಡ ಫೈಲು ಹಿಡಿದು ಮಾತಾಡ್ತಿದ್ದ. 'ಕೂತ್ಕೊಳ್ರಿ' ಅಂದೆ. ಆಕೆ ನಕ್ಕು, 'ಇರ್ಲಿ ಬಿಡ್ರೀ, ಕುಂತ್ರ ಅವ್ರು ಏಳ್ತಾರ' ಅಂದರು. ಆ ವಾಕ್ಯ ಆಗ ನನಗೆ ತಮಾಷೆಯಾಗಿ ಕೇಳಿಸಿತ್ತು. ಅವ್ರು ಅಂದ್ರೆ ಯಾರು? ಮೇಲ್ಜಾತಿಯ ಸದಸ್ಯರಾ, ಗಂಡನಾ? ಈಗ ಅನ್ನಿಸುತ್ತೆ, ಆಕೆಗೆ ಆ ಎರಡನ್ನೂ ಬೇರೆ ಮಾಡಿ ಹೇಳುವ ಅಗತ್ಯವೇ ಇರಲಿಲ್ಲ.

ಕಳೆದ ಸಲ ಗಂಗಾವತಿ ಕಡೆಯ ಒಂದು ಊರಿನಿಂದ ಜಾತಿ ಜಗಳದ ಸುದ್ದಿ ಬಂದಾಗ ನಮ್ಮ ವರದಿಗಾರನಿಗೆ ಫೋನ್ ಮಾಡಿ, ಹೆಂಗಸರನ್ನು ಮಾತಾಡಿಸಿ ಅಂದೆ. 'ಹೆಣ್ಮಕ್ಕಳು ಕ್ಯಾಮೆರಾ ಮುಂದ ಬರಂಗಿಲ್ರೀ ಮೇಡಂ' ಅಂದ. ನೀವು ಎಷ್ಟು ಹೊತ್ತಿಗೆ ಹೋಗಿದ್ರಿ ಅಂತ ಕೇಳಿದೆ. ಬೆಳಗ್ಗೆ ಹನ್ನೊಂದಕ್ಕೆ ಅಂದ. ಭತ್ತದ ನಾಟಿ ಸಮಯ, ಹನ್ನೊಂದಕ್ಕೆ ಅವರು ಕೆಸರಿನಲ್ಲಿರ್ತಾರೆ. ಸಂಜೆ ಏಳಕ್ಕೆ ವಾಪಸ್ ಹೋಗಿ ಅಂದೆ. ಹೋದ. ಹನ್ನೊಂದು ನಿಮಿಷದ ಬೈಟ್ ಕಳಿಸಿದ. ನಾವು ಎರಡು ನಿಮಿಷ ಹಾಕಿದ್ವಿ, ಆಮೇಲೆ ಜಾಹೀರಾತು ಬಂತು.